ಜೆಡ್ ಇರುವ ಹೆಬ್ಬಾತು

ಡಾರ್ಮ್‌ಸ್ಟಾಟ್‌ನ ಟ್ರಾಮಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಯಾರೂ ನಗುವುದಿಲ್ಲ. ಹಾಗಾಗಿ ಕಿಟಕಿಯ ಪಕ್ಕ ಕುಳಿತು, ತೊಡೆಯ ಮೇಲೆ ಹಳದಿ ರಟ್ಟಿನ ಪುಸ್ತಕ ತೆರೆದಿಟ್ಟುಕೊಂಡು, ಭುಜ ಕುಲುಕಿಸಿ ನಗುತ್ತಿದ್ದ ಹಿರಿಯರೊಬ್ಬರ ಎದುರಿನ ಎರಡು ಸೀಟುಗಳು ಖಾಲಿ ಇದ್ದವು. ನಾನು ಊರಿಗೆ ಹೊಸಬಳು. ಸೀಟು ಕಂಡದ್ದೇ ಹೋಗಿ ಕುಳಿತೆ. ಪುಸ್ತಕದಲ್ಲಿ ನಗುವಂಥದ್ದು ಏನಿದೆ ಎಂದು ಇಣುಕಿದರೆ ಅಲ್ಲಿ ಒಂದು ವಾಕ್ಯವೂ ಇರಲಿಲ್ಲ. ಐದೈದು ಗೆರೆಗಳು, ಅವುಗಳ ಮೇಲೆ ಕಪ್ಪು ಚುಕ್ಕೆಗಳು. ಸಂಗೀತದ ನೊಟೇಶನ್ ಓದಿ ನಗುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಗಲೇ ಅಮ್ಮನ ಫೋನ್ ಬಂತು. ಇಲ್ಲಿ ಕನ್ನಡ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ, "ಟ್ರಾಮಲ್ಲಿದ್ದೇನೆ ಅಮ್ಮ. ಎದುರಿಗೆ ಒಬ್ರು ಕೂತಿದ್ದಾರೆ, ಸ್ವಲ್ಪ ತಲೆ ಸರಿ ಇಲ್ಲ ಅಂತ ಕಾಣ್ತದೆ," ಎಂದೆ.

ಅವರು ಪುಸ್ತಕದಿಂದ ಕಣ್ಣು ಎತ್ತದೆ ಹೇಳಿದರು: "ತಲೆ ಸರಿ ಉಂಟು ಅಂತ ಹೇಳಿ ಅಮ್ಮನಿಗೆ. ಪಿಟೀಲು ಮಾತ್ರ ಸ್ವಲ್ಪ ದೊಡ್ಡದು."

ಅವರ ಪಕ್ಕದಲ್ಲಿದ್ದ ಪೆಟ್ಟಿಗೆ ಪಿಟೀಲಿನದಲ್ಲ, ವಯೋಲಾದ್ದು. ಜರ್ಮನ್ನರು ಅದನ್ನು ಬ್ರಾಟ್ಶೆ ಎನ್ನುತ್ತಾರೆ. ಅದನ್ನು ನುಡಿಸುವವರ ಬಗ್ಗೆ ಜರ್ಮನಿಯಲ್ಲಿ ಜೋಕುಗಳ ದೊಡ್ಡ ಭಂಡಾರವೇ ಇದೆ. ಆ ದಿನವೇ ಅವರು ನನಗೆ ಒಂದು ಹೇಳಿದರು: "ಬ್ರಾಟ್ಶೆಯವ ಬಾಗಿಲಿಗೆ ಬಂದ್ರೆ ಹೇಗೆ ಗೊತ್ತಾಗ್ತದೆ ಹೇಳು? ಗೊತ್ತಾಗುದೇ ಇಲ್ಲ. ಅವ ಇನ್ನೂ ಹೊರಗೆ ನಿಂತು ಯಾವಾಗ ಬೆಲ್ ಒತ್ತುದು ಅಂತ ಎಣಿಸ್ತಾ ಇರ್ತಾನೆ." ನಾನು ನಕ್ಕದ್ದಕ್ಕೆ ಅವರಿಗೆ ಬಹಳ ಸಂತೋಷವಾಯಿತು. ಬೇರೆಯವರು ನಕ್ಕರೆ ಅವರಿಗೆ ಸಿಗುತ್ತಿದ್ದ ಸಂತೋಷ ಬೇರೆ ಯಾವುದರಿಂದಲೂ ಸಿಗುತ್ತಿರಲಿಲ್ಲ ಎನ್ನುವುದು ನನಗೆ ಮುಂದೆ ಗೊತ್ತಾಗುತ್ತ ಹೋಯಿತು.

ಅವರು ಈ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು. ಎಂಬತ್ತೊಂದು ವರ್ಷವಾಗಿತ್ತು. ಅವರನ್ನು ನಾನು ಅಂಕಲ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ ಎನ್ನುತ್ತೇನೆ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತರಾದವರು. ಬರೆಯಲು ಒಪ್ಪಿಗೆ ಕೇಳಿದಾಗ ಅವರು ಹಾಕಿದ್ದು ಒಂದೇ ಷರತ್ತು: "ಹೆಸರು ಹಾಕ್ಬೇಡ ಮಾರಾಯ್ತಿ. ಕಿವಿ ಮೆಷಿನ್ ರಿಪೇರಿಗೆ ಅಂತ ಈಗಲೂ ಜನ ಬಂದು ಬೆಲ್ ಹೊಡೀತಾರೆ."

ಕಿವಿ ಕೇಳದವರಿಗೆ ಮೆಷಿನ್ ಹೊಂದಿಸುವುದು ಅಂಕಲ್‌ರ ಉದ್ಯೋಗ. ಮಂಗಳೂರಿನಿಂದ ಇಪ್ಪತ್ತರ ಹರೆಯದಲ್ಲಿ ಬಂದು, ಇಲ್ಲಿ ತರಬೇತಿ ಪಡೆದು, ಪೇಟೆಯ ಒಂದು ಅಡ್ಡರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದರು. ಊರಿನಲ್ಲಿ ಚರ್ಚಿನ ಗಾಯನವೃಂದಕ್ಕೆ ಪಿಟೀಲು ನುಡಿಸುತ್ತಿದ್ದವರು ಇಲ್ಲಿ ಹವ್ಯಾಸಿಗಳ ಆರ್ಕೆಸ್ಟ್ರಾ ಸೇರಲು ಹೋದರಂತೆ. ಪಿಟೀಲಿನವರು ಬೇಕಾದಷ್ಟಿದ್ದರು, ಬ್ರಾಟ್ಶೆಗೆ ಯಾರೂ ಇರಲಿಲ್ಲ. "ಬಸ್ಸಿನಲ್ಲಿ ಸೀಟು ಖಾಲಿ ಉಂಟು ಅಂತ ಹತ್ತಿದ್ದು. ಆಮೇಲೆ ಇಳೀಲೇ ಇಲ್ಲ," ಎನ್ನುತ್ತಿದ್ದರು.

ಅಂಗಡಿಯಲ್ಲಿ ಕಿವಿ ಪರೀಕ್ಷಿಸಲು ಕಂಪ್ಯೂಟರ್ ಇತ್ತು. ಆದರೆ ಕೊನೆಯ ಪರೀಕ್ಷೆ ಬ್ರಾಟ್ಶೆಯದೇ. ಮೆಷಿನ್ ತೊಡಿಸಿ, ಗಿರಾಕಿಯ ಬೆನ್ನ ಹಿಂದೆ ನಿಂತು ನಾಲ್ಕು ಸಾಲು ನುಡಿಸುತ್ತಿದ್ದರು. ಯಾಕೆ ಎಂದು ಕೇಳಿದ್ದೆ. "ಬ್ರಾಟ್ಶೆ ಕೇಳಿಸಿದ್ರೆ ಬಾಕಿ ಎಲ್ಲ ಕೇಳಿಸ್ತದೆ. ನಾಲ್ಕು ಜನ ನುಡಿಸುವಾಗ ಇದನ್ನು ಒಳ್ಳೆ ಕಿವಿ ಇದ್ದವರೂ ಕೇಳುದಿಲ್ಲ ನೋಡು." ಊರಿನ ವಯಸ್ಸಾದವರಲ್ಲಿ ಎಷ್ಟೋ ಜನ ಅವರ ಕೈಯಿಂದ ಕಿವಿ ಪಡೆದವರು. ಸಂಗೀತ ಕಚೇರಿಗಳಿಗೆ ಬರುವವರೂ ಹೆಚ್ಚಾಗಿ ಅವರೇ. ವೇದಿಕೆ ಹತ್ತಿ ಕುಳಿತರೆ ಅಂಕಲ್ ಮೊದಲು ಸಭೆಯ ಕಿವಿಗಳನ್ನು ನೋಡಿಕೊಳ್ಳುತ್ತಿದ್ದರು. "ಮೂರನೇ ಸಾಲಿನ ತನಕ ನನ್ನವೇ," ಎಂದು ಒಮ್ಮೆ ಹೆಮ್ಮೆಯಿಂದ ತೋರಿಸಿದ್ದರು.

ಟ್ರಾಮಿನ ನಗುವಿನ ಕಾರಣ ಅವರು ನನಗೆ ವಿವರಿಸಿದ್ದು ಎರಡನೇ ಭೇಟಿಯಲ್ಲಿ, ಅವರ ಅಡುಗೆಮನೆಯಲ್ಲಿ. ಹಳೆಯ ಕಾಲದ ಜರ್ಮನ್ ಸಂಯೋಜಕರು ದೊರೆಗಳಿಗಾಗಿ, ಚರ್ಚಿಗಾಗಿ ಗಂಭೀರವಾದದ್ದನ್ನೇ ಬರೆದು ಬರೆದು ಬೇಸತ್ತಾಗ, ಮೂರು ನಾಲ್ಕು ಜನ ಮನೆಯಲ್ಲಿ ಕುಳಿತು ನುಡಿಸುವ ಸಂಗೀತದೊಳಗೆ ಹಳ್ಳಿಯ ತಮಾಷೆ ಹಾಡುಗಳನ್ನು ಬಚ್ಚಿಡುತ್ತಿದ್ದರಂತೆ. ಹೆಂಡತಿಗೆ ಹೆದರಿ ಒಲೆಯೊಳಗೆ ಅಡಗಿದ ದರ್ಜಿ, ಮದುವೆಗೆ ತಡವಾಗಿ ಬಂದು ಬೇರೆ ಮದುಮಗಳ ಪಕ್ಕ ನಿಂತ ವರ, ಇಂಥವರ ಹಾಡುಗಳು. ಮೇಲೆ ಪಿಟೀಲು ಭಾರವಾದದ್ದನ್ನು ನುಡಿಸುತ್ತಿರುತ್ತದೆ, ಕೆಳಗೆ ಬ್ರಾಟ್ಶೆ ಮೆಲ್ಲನೆ ದರ್ಜಿಯ ಹಾಡು ಹೇಳಿ ಸುಮ್ಮನಾಗುತ್ತದೆ. ಆ ಕಾಲದಲ್ಲಿ ಕೇಳುವವರಿಗೆಲ್ಲ ಹಾಡು ಗೊತ್ತಿತ್ತು, ಬಿದ್ದು ಬಿದ್ದು ನಗುತ್ತಿದ್ದರು. ಈಗ ಹಾಡು ಯಾರಿಗೂ ಗೊತ್ತಿಲ್ಲ. ಜನ ಕಪ್ಪು ಕೋಟು ಹಾಕಿಕೊಂಡು ಬಂದು ಕಣ್ಣು ಮುಚ್ಚಿ ಕೇಳುತ್ತಾರೆ.

ಹೀಗೆ ಹಾಡಿನ ಮೇಲೆ ಹಾಡು ಪೇರಿಸುವುದಕ್ಕೆ ಕ್ವೋಡ್‌ಲಿಬೆಟ್ ಎಂಬ ಹೆಸರಿದೆ. ಅದೇನು ಎಂದು ಕೇಳಿದೆ. ಅವರು ನನ್ನ ಮುಂದಿದ್ದ ಬಟ್ಟಲು ತೋರಿಸಿದರು: "ಕಡ್ಲೆ ಅವಲಕ್ಕಿ. ಅದೇ. ಬೇರೆ ಬೇರೆ ಇದ್ರೆ ಕಡ್ಲೆ, ಅವಲಕ್ಕಿ. ಕಲಸಿದ್ರೆ ಕ್ವೋಡ್‌ಲಿಬೆಟ್."

"ಮಂಡೆಗೆ ಹತ್ತಿದೆ ಇವರಿಗೆ," ಎಂದು ಆಂಟಿ ಒಲೆಯ ಕಡೆಯಿಂದ ಹೇಳಿದರು. "ಮೊನ್ನೆ ಕಚೇರಿಯಲ್ಲಿ ನಕ್ಕು ಮರ್ಯಾದೆ ತೆಗ್ದದ್ದು ಹೇಳಿದ್ರಾ?"

ಹೇಳಿರಲಿಲ್ಲ. ಆಂಟಿ ಹೇಳಿದರು. ಊರಿನ ದೊಡ್ಡ ಸಭಾಂಗಣ, ಹೊರಗಿನಿಂದ ಬಂದ ಪ್ರಸಿದ್ಧ ಕಲಾವಿದರು, ಬಹಳ ನಿಧಾನವಾದ ಭಾಗ. ಎಲ್ಲರೂ ಉಸಿರು ಹಿಡಿದು ಕುಳಿತಿದ್ದಾಗ ಇವರು ಗೊಳ್ಳನೆ ನಕ್ಕರು. ವಿರಾಮದಲ್ಲಿ ಬಾಗಿಲು ಕಾಯುವ ಹೆಂಗಸು ಬಂದು ಕೇಳಿದಳು, ತಮಗೆ ಹುಷಾರಿಲ್ಲವೇ ಎಂದು. ಇವರು ಬಹಳ ವಿನಯದಿಂದ, "ಕ್ಷಮಿಸಿ, ಮೊದಲು ಶುರು ಮಾಡಿದ್ದು ಸಂಯೋಜಕರು," ಎಂದರಂತೆ.

ಇನ್ನು ಬಾತಿನ ವಿಷಯಕ್ಕೆ ಬರಬೇಕು.

ಪ್ರತಿ ಗುರುವಾರ ಸಂಜೆ ಅವರೂ ಇನ್ನೂ ಮೂವರೂ ಸೇರಿ ಕ್ವಾರ್ಟೆಟ್ ನುಡಿಸುತ್ತಿದ್ದರು. ಎರಡು ಪಿಟೀಲು, ಒಂದು ಬ್ರಾಟ್ಶೆ, ನೆಲಕ್ಕೆ ಊರಿ ನುಡಿಸುವ ಒಂದು ಚೆಲ್ಲೋ. ಮೊದಲ ಪಿಟೀಲು ಜಿಲ್ಲಾ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರೊಬ್ಬರದು. ಆರಡಿ ಎತ್ತರ, ಬಿಳಿ ಹುಬ್ಬು, ನಗುವಿಗೂ ಅರ್ಜಿ ಬೇಕು ಎನ್ನುವಂಥ ಮುಖ. ಎರಡನೇ ಪಿಟೀಲು ಔಷಧಿ ಅಂಗಡಿಯ ಒಡತಿ, ಚೆಲ್ಲೋ ಒಬ್ಬರು ಶಾಲಾ ಶಿಕ್ಷಕರು. ಇವರಿಬ್ಬರೂ ನ್ಯಾಯಾಧೀಶರು ಹೇಳಿದ್ದಕ್ಕೆ ತಲೆಯಾಡಿಸುವವರು.

ಅಂಕಲ್ ಒಂದು ಶನಿವಾರ ಹಳೆ ಸಾಮಾನಿನ ಸಂತೆಯಲ್ಲಿ, ಪಿಂಗಾಣಿ ಬಟ್ಟಲುಗಳ ಕೆಳಗೆ ಹಾಸಿದ್ದ ನೊಟೇಶನ್ ಹಾಳೆಗಳನ್ನು ತಂದರು. ಇನ್ನೂರು ವರ್ಷಕ್ಕೂ ಹಿಂದೆ ಈ ಹೆಸ್ಸೆ ಪ್ರಾಂತ್ಯದ ಯಾವುದೋ ಸಣ್ಣ ಅರಮನೆಯಲ್ಲಿದ್ದ ಸಂಗೀತಗಾರನ ಕ್ವಾರ್ಟೆಟ್ ಅದು. ಅವನ ಹೆಸರು ಹೇಳಿದರೆ ಗ್ರಂಥಾಲಯದವರೂ ಸ್ಪೆಲ್ಲಿಂಗ್ ಕೇಳುತ್ತಾರೆ. ನಾಲ್ಕು ಭಾಗಗಳು. ಕೊನೆಯ ಭಾಗದ ಮೇಲೆ ಹೇಗೆ ನುಡಿಸಬೇಕು ಎಂಬ ಸೂಚನೆ: "ಗಾಂತ್ಸ್ ಎರ್ನ್‌ಸ್ಟ್", ಅಂದರೆ ಪೂರ್ತಿ ಗಂಭೀರವಾಗಿ. ಅದರೊಳಗೆ ಬ್ರಾಟ್ಶೆಗೆ ಒಂದು ವಿಚಿತ್ರ ಸಾಲು ಇತ್ತು. ಎರಡು ಸ್ವರ ಎಳೆದು ಜಾರಿಸುವುದು, ಮತ್ತೆ ಎರಡು ಸ್ವರ ಎಳೆದು ಜಾರಿಸುವುದು. ಏನೆಂದು ಅವರಿಗೂ ತಿಳಿಯಲಿಲ್ಲ. ಅಭ್ಯಾಸಕ್ಕೆಂದು ಅಂಗಡಿಯಲ್ಲಿ ಗಿರಾಕಿಗಳ ಬೆನ್ನ ಹಿಂದೆ ಅದನ್ನೇ ನುಡಿಸತೊಡಗಿದರು.

ಒಂದು ದಿನ ಓಡನ್‌ವಾಲ್ಟ್ ಕಡೆಯ ಹಳ್ಳಿಯಿಂದ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಬಂದರು. ಮೆಷಿನ್ ತೊಡಿಸಿ ಇವರು ಆ ಸಾಲು ನುಡಿಸಿದ್ದೇ ತಡ, ಅಜ್ಜಿ ಕುರ್ಚಿಯ ಕೈ ಹಿಡಿದುಕೊಂಡು ನಗಲು ಶುರು ಮಾಡಿದರು. ಆಮೇಲೆ ಹಾಡಿದರು. ಕತೆ ಇಷ್ಟೇ. ರೈತನೊಬ್ಬ ಹೆಬ್ಬಾತು ಮಾರಲು ಸಂತೆಗೆ ಹೋಗುತ್ತಾನೆ. ದಾರಿಯಲ್ಲಿ ಕುಡಿದು ಮಲಗುತ್ತಾನೆ. ಬಾತು ಅವನ ಟೊಪ್ಪಿ ಹಾಕಿಕೊಂಡು ಮನೆಗೆ ಹೋಗುತ್ತದೆ, ಮೇಜಿನ ಮುಂದೆ ಕುಳಿತು ಊಟ ಮಾಡುತ್ತದೆ, ಎರಡು ಸಲ ಕೂಗುತ್ತದೆ. ಹೆಂಡತಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಆ ಭಾಗದಲ್ಲಿ ನಡೆಯುವುದೂ ಅದೇ. ಮೊದಲ ಪಿಟೀಲು ರೈತ. ಬಹಳ ಬಿಗುಮಾನದ ಒಂದು ರಾಗ ನುಡಿಸಿ ಹೊರಡುತ್ತಾನೆ. ಸ್ವಲ್ಪ ಹೊತ್ತಿಗೆ ಅದೇ ರಾಗವನ್ನು ಬ್ರಾಟ್ಶೆ ಹೊತ್ತು ತರುತ್ತದೆ, ನಡುವೆ ಎರಡು ಕೂಗು ಸೇರಿಸಿ. ಚೆಲ್ಲೋ ಹೆಂಡತಿ. ರೈತನಿಗೆ ಕೊಟ್ಟ ಉತ್ತರವನ್ನೇ ಬಾತಿಗೂ ಕೊಡುತ್ತಾಳೆ. ಕೊನೆಗೆ ಬಾತು ಇನ್ನೊಮ್ಮೆ ಕೂಗುತ್ತದೆ, ಮುಗಿಯುತ್ತದೆ.

ಅಜ್ಜಿ ಮರುವರ್ಷ ತೀರಿಕೊಂಡರು. ಆ ಹಾಡು ಬಲ್ಲ ಇನ್ನೊಬ್ಬರನ್ನು ಅಂಕಲ್ ಓಡನ್‌ವಾಲ್ಟ್‌ನ ಹಳ್ಳಿ ಹಳ್ಳಿ ಸುತ್ತಿದರೂ ಕಾಣಲಿಲ್ಲ. ಅಲ್ಲಿಗೆ ಆ ಜರ್ಮನ್ ಬಾತಿಗೆ ಉಳಿದ ಏಕೈಕ ವಾರಸುದಾರ ಮಂಗಳೂರಿನವರಾದರು. ಅವರಿಗೆ ಬೇಕಿದ್ದದ್ದು ಒಂದೇ: ಆ ಕೂಗಿಗೆ ಒಂದು ಸಭೆ ನಗಬೇಕು. ಒಮ್ಮೆಯಾದರೂ.

ಮೊದಲ ಸಲ ನುಡಿಸಿದಾಗ ಅವರು ಮಾಡಿದ ತಪ್ಪು, ಎದ್ದು ನಿಂತು ವಿವರಿಸಿದ್ದು. ರೈತ ಹೇಗೆ ಮಲಗಿದ, ಬಾತು ಟೊಪ್ಪಿಯನ್ನು ಹೇಗೆ ಹಾಕಿಕೊಂಡಿತು ಎಂದು ಕೈಬಾಯಿ ಆಡಿಸಿ ಹತ್ತು ನಿಮಿಷ ಹೇಳಿದರು. ಸಭೆ ಗಮನವಿಟ್ಟು ಕೇಳಿತು. ಕೆಲವರು ಬರೆದುಕೊಂಡರು. ನುಡಿಸುವಾಗ ಒಬ್ಬರೂ ನಗಲಿಲ್ಲ. ಮುಗಿದ ಮೇಲೆ ಮೂರನೇ ಸಾಲಿನವರೊಬ್ಬರು ಬಂದು ಕೈ ಕುಲುಕಿ, ಬಹಳ ಮಾಹಿತಿಪೂರ್ಣವಾಗಿತ್ತು ಎಂದರು.

"ಮಾಹಿತಿಪೂರ್ಣ!" ಎಂದು ಅವರು ನನಗೆ ವಾರಗಟ್ಟಲೆ ಹೇಳಿದರು. "ಕಿವಿ ನಾನೇ ಕೊಟ್ಟದ್ದು. ಕೇಳಿಸ್ತದೆ ಅಂತ ನನಗೆ ಗೊತ್ತುಂಟು. ಮತ್ತೆ ನಗ್ಲಿಕ್ಕೆ ಇವ್ರಿಗೆ ಎಂತ ಕಷ್ಟ?"

ಕನ್ನಡ ಸಂಘದ ರಾಜ್ಯೋತ್ಸವದಲ್ಲೂ ನುಡಿಸಿದರು. ಅಲ್ಲಿ ಎಲ್ಲರೂ ನಕ್ಕರು, ಆದರೆ ಬಾತಿಗಲ್ಲ, ಅವರಿಗೆ. ಹಿಂದಿನ ಸಾಲಿನ ಎಂಜಿನಿಯರ್ ಹುಡುಗನೊಬ್ಬ "ಗುರು, ಒನ್ಸ್ ಮೋರ್!" ಎಂದು ಕೂಗಿ, ಆಮೇಲೆ ಬಂದು, "ಅಂಕಲ್, ಇದು ಯಾವ ರಾಗ?" ಎಂದು ಕೇಳಿದ.

"ಬಾತಿನ ರಾಗ ಮಗಾ."

"ಬಿಸಿಬೇಳೆಬಾತಾ ಅಂಕಲ್?"

ಅಂದು ಮಾತ್ರ ಅವರು ಸ್ವಲ್ಪ ಮುಖ ಸಣ್ಣ ಮಾಡಿಕೊಂಡದ್ದನ್ನು ನೋಡಿದೆ. ಮರುಕ್ಷಣ ಆ ಜೋಕನ್ನು ಮೆಚ್ಚಿ, ಮನೆಗೆ ಹೋಗುವ ತನಕ ಆಂಟಿಗೆ ಹೇಳಿ ಹೇಳಿ ನಗುತ್ತಿದ್ದರು.

ಎಪ್ಪತ್ತೆಂಟನೇ ವಯಸ್ಸಿಗೆ ಎಡಭುಜ ಕೈಕೊಟ್ಟಿತು. ಬ್ರಾಟ್ಶೆ ಭಾರದ ವಾದ್ಯ. ಡಾಕ್ಟರು ಸಾಕು ಎಂದರು. ಮೇ ತಿಂಗಳ ಕಚೇರಿಯೇ ಕೊನೆಯದು ಎಂದು ನಿಶ್ಚಯವಾಯಿತು. ಆ ಕಚೇರಿಗೆ ಬಾತಿನ ಕ್ವಾರ್ಟೆಟ್ ಬೇಕು ಎಂದು ಅಂಕಲ್ ಕೇಳಿದಾಗ ನ್ಯಾಯಾಧೀಶರು ಒಂದು ವಾರ ಯೋಚಿಸಿ, ಅಂಶಗಳಾಗಿ ಉತ್ತರ ಕೊಟ್ಟರು. ನುಡಿಸೋಣ. ಆದರೆ ವಿವರಣೆ ಇರಕೂಡದು. ಬಾಯಿಮಾತಿನಲ್ಲೂ ಇಲ್ಲ, ಕಾರ್ಯಕ್ರಮದ ಹಾಳೆಯಲ್ಲೂ ಇಲ್ಲ. "ವಿವರಿಸಿದ ಮೇಲೆ ನಕ್ಕರೆ ಅದು ನಗು ಅಲ್ಲ, ಸೌಜನ್ಯ. ತಮಾಷೆ ಸಂಗೀತದಲ್ಲಿ ಇದ್ದರೆ ಜನ ತಾವಾಗಿಯೇ ನಗುತ್ತಾರೆ. ನಕ್ಕರೆ ಈ ಕೃತಿ ನಮ್ಮಲ್ಲಿ ಉಳಿಯುತ್ತದೆ, ತಮ್ಮ ನಂತರ ಬರುವವರೂ ನುಡಿಸುತ್ತಾರೆ. ನಗದಿದ್ದರೆ ಇದು ಕಪಾಟಿಗೆ ಹೋಗುತ್ತದೆ, ಹೆರ್ ಕೊಲೇಗ." ಸಹೋದ್ಯೋಗಿಯನ್ನು ಹೀಗೆ ಕರೆಯುವುದು ವಕೀಲರ ರೂಢಿ. ಅಂಕಲ್ ಒಪ್ಪಿದರು.

ಕಾರ್ಯಕ್ರಮದ ಹಾಳೆ ಮಾಡುವ ಕೆಲಸ ನನಗೆ ಬಂತು. ನಾನು ಮಂಗಳೂರಿನ ಪತ್ರಿಕೆಯ ಡೆಸ್ಕ್‌ನಲ್ಲಿ ಹದಿನಾಲ್ಕು ವರ್ಷ ಇದ್ದವಳು, ಅಚ್ಚಿನ ತಪ್ಪು ನನ್ನ ಕಣ್ಣು ತಪ್ಪಿಸುವುದಿಲ್ಲ ಎಂಬ ನಂಬಿಕೆ ಅವರಿಗೆ. ನನಗೂ ಇತ್ತು. ಅವರು ಅಂಗಡಿಯಿಂದ ಫೋನಿನಲ್ಲಿ ಒಂದೊಂದೇ ಸಾಲು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. ಎರಡು ಸಲ ಓದಿ, ಅಚ್ಚಿಗೆ ಕೊಟ್ಟೆ.

ಕಚೇರಿ ಒಂದು ಭಾನುವಾರ ಮಧ್ಯಾಹ್ನ, ಚರ್ಚಿನ ಸಮುದಾಯ ಭವನದಲ್ಲಿ. ಮೊದಲರ್ಧ ಬೇರೆ ಕೃತಿ, ನಂತರ ಕಾಫಿ ಮತ್ತು ಕೇಕ್, ಆಮೇಲೆ ಬಾತು. ಕಾಫಿಯ ಹೊತ್ತಿಗೆ ನ್ಯಾಯಾಧೀಶರು ಹಾಳೆ ಹಿಡಿದುಕೊಂಡು ಒಳಕೋಣೆಗೆ ಬಂದರು. ಕೊನೆಯ ಸಾಲಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದರು.

"ಇದನ್ನು ಬರೆದವರು ಯಾರು?"

ನೋಡಿದೆ. ಜರ್ಮನ್ನಿನಲ್ಲಿ ಕೊನೆಗೆ ಜೆಡ್ ಬಂದರೆ ಗಾಂತ್ಸ್, ಅಂದರೆ ಪೂರ್ತಿ. ಎಸ್ ಬಂದರೆ ಗಾನ್ಸ್, ಅಂದರೆ ಹೆಬ್ಬಾತು. ಅಂಕಲ್‌ರ ಮಂಗಳೂರು ಬಾಯಲ್ಲಿ ಎರಡೂ ಗಾನ್ಸ್. ನನ್ನ ಮಂಗಳೂರು ಕಿವಿಗೂ ಎರಡೂ ಗಾನ್ಸ್. ತಿಂಗಳುಗಟ್ಟಲೆ ಅವರಿಂದ ಬಾತಿನ ಸುದ್ದಿಯೊಂದನ್ನೇ ಕೇಳಿದ್ದ ನಾನು ಎಸ್ ಒತ್ತಿದ್ದೆ. ಬಾತೂ ನಿಘಂಟಿನಲ್ಲಿರುವ ಪದವೇ ಆದ್ದರಿಂದ ಕಂಪ್ಯೂಟರ್ ಕೆಂಪು ಗೆರೆ ಎಳೆದಿರಲಿಲ್ಲ. "ಪೂರ್ತಿ ಗಂಭೀರವಾಗಿ" ಎಂದು ಇರಬೇಕಾದ ಕಡೆ ಸಭೆಯ ಪ್ರತಿಯೊಬ್ಬರ ಕೈಯಲ್ಲೂ "ಬಾತು ಗಂಭೀರವಾಗಿ" ಎಂದಿತ್ತು.

"ನಾನಲ್ಲ!" ಎಂದು ಅಂಕಲ್ ಎದ್ದೇ ನಿಂತರು. "ದೇವರಾಣೆ ನಾನು ಹೇಳಿದ್ದು ಗಾನ್ಸ್!"

"ಅದೇ ಬರೆದಿದೆ," ಎಂದರು ನ್ಯಾಯಾಧೀಶರು.

"ಅದಲ್ಲ. ಗಾನ್ಸ್!"

ಆಂಟಿ ಕೇಕಿನ ತಟ್ಟೆಯನ್ನು ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡರು.

ನಾನು ತಪ್ಪು ನನ್ನದೆಂದು ಒಪ್ಪಿಕೊಂಡೆ. ನ್ಯಾಯಾಧೀಶರು ನನ್ನನ್ನು ಒಂದು ಕ್ಷಣ ನೋಡಿ, ನಂಬಿದರು. ಆದರೂ ಸಮಸ್ಯೆ ಉಳಿಯಿತು. ಸುಳಿವು ಹೊರಬಿದ್ದಿದೆ, ಷರತ್ತು ಮುರಿದಿದೆ, ಈ ಸ್ಥಿತಿಯಲ್ಲಿ ಸಭೆ ನಕ್ಕರೂ ಲೆಕ್ಕಕ್ಕಿಲ್ಲ ಎಂದರು. ಅಂಕಲ್ ಕುರ್ಚಿಯಲ್ಲಿ ಕುಳಿತು ಭುಜ ಒತ್ತಿಕೊಳ್ಳುತ್ತಿದ್ದರು. ಇನ್ನೊಂದು ಕಚೇರಿ ಅವರಿಗಿರಲಿಲ್ಲ.

ಪತ್ರಿಕೆಯಲ್ಲಿ ಇದಕ್ಕೆ ಒಂದೇ ದಾರಿ. ತಪ್ಪಾದರೆ ತಿದ್ದುಪಡಿ, ತಡಮಾಡದೆ, ಓದಿದವರೆಲ್ಲರಿಗೂ ಮುಟ್ಟುವ ಹಾಗೆ. ನಾನೇ ವೇದಿಕೆಗೆ ಹೋಗಿ ಸರಿಪಡಿಸುತ್ತೇನೆ ಎಂದೆ. ನ್ಯಾಯಾಧೀಶರು ಒಪ್ಪಿದರು. ತಿದ್ದುಪಡಿಯಾದರೆ ಷರತ್ತು ಮತ್ತೆ ಊರ್ಜಿತ.

ಅಂಕಲ್ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ತಾಲೀಮು ಕೊಟ್ಟರು. "ಹಲ್ಲಿ ಲೊಚಗುಟ್ಟುತ್ತದಲ್ಲ, ಹಾಗೆ. ತ್ಸ್. ತ್ಸ್. ಈಗ ಗಾನ್ ಹೇಳು, ಕೊನೆಗೆ ಹಲ್ಲಿ."

"ಗಾನ್... ತ್ಸ್."

"ನಡುವೆ ಬಸ್ಸು ಹೋಗುವಷ್ಟು ಜಾಗ ಬಿಡ್ಬೇಡ ಮಾರಾಯ್ತಿ. ಕೂಡಿಸಿ ಹೇಳು."

"ಗಾನ್ಸ್."

"ಹಲ್ಲಿ ಎಲ್ಲಿ ಹೋಯ್ತು?"

"ನೀವು ಹೇಳಿ ನೋಡುವ."

"ಗಾನ್ಸ್," ಎಂದರು ಅವರು, ಐವತ್ತೇಳು ವರ್ಷ ಜರ್ಮನ್ ಕಿವಿಗಳನ್ನು ರಿಪೇರಿ ಮಾಡಿದವರು. ಆಂಟಿ ಹೊರಗೆ ಓಡಿದರು.

ಸಭೆ ಕುಳಿತ ಮೇಲೆ ನಾನು ಮುಂದೆ ಹೋಗಿ ನಿಂತೆ. ಜರ್ಮನ್ನಿನಲ್ಲಿ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ. "ಹಾಳೆಯಲ್ಲಿ ಒಂದು ತಪ್ಪಾಗಿದೆ, ಕ್ಷಮಿಸಬೇಕು. ಕೊನೆಯ ಭಾಗದ ಹೆಸರು ಗಾನ್ಸ್ ಅಲ್ಲ. ಗಾನ್ಸ್."

ಎರಡನೇ ಸಾಲಿನ ಮುದುಕರೊಬ್ಬರು ಕಿವಿಯ ಹಿಂದೆ ಬೆರಳಿಟ್ಟು ಮೆಷಿನ್ ಜೋರು ಮಾಡಿಕೊಂಡರು. ಪಕ್ಕದವರೂ ಮಾಡಿಕೊಂಡರು. "ಏನಂದಿರಿ?"

"ಗಾನ್ಸ್ ಅಲ್ಲ," ಎಂದೆ ಇನ್ನೂ ಗಟ್ಟಿಯಾಗಿ. "ಗಾನ್ಸ್!"

"ಯಾವ ಬಾತು?" ಎಂದು ಮೂರನೇ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಅಕ್ಷರ ಹೇಳಿ ಮುಗಿಸೋಣವೆಂದುಕೊಂಡೆ. ಆದರೆ ಗಾಬರಿಯಲ್ಲಿ ಬಾಯಿಂದ ಬಂದದ್ದು ಹೀಗೆ: "ಬಾತು ಅಲ್ಲ. ಜೆಡ್ ಇರುವ ಬಾತು!"

ಆಮೇಲಿನದನ್ನು ಕ್ರಮವಾಗಿ ವರದಿ ಮಾಡುವುದು ಕಷ್ಟ. ಮೊದಲು ಹಿಂದಿನ ಸಾಲುಗಳು ಹೋದವು, ನಂತರ ನಡುವಿನವು. ಕಿವಿ ಮೆಷಿನ್ ಜೋರು ಮಾಡಿಕೊಂಡಿದ್ದ ಮುಂದಿನ ಸಾಲಿನವರು ಸುತ್ತಲಿನ ನಗುವನ್ನು ಎರಡು ಪಟ್ಟು ಕೇಳಿ ತಾವೂ ಶುರು ಮಾಡಿದರು. ಒಬ್ಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ನಾನು ತಿದ್ದುಪಡಿ ಪ್ರಕಟವಾಗಿದೆ ಎಂದು ಭಾವಿಸಿ ಕೆಳಗಿಳಿದೆ.

ನಾಲ್ವರೂ ಬಂದು ಕುಳಿತರು. ನ್ಯಾಯಾಧೀಶರು ಸಭೆ ಸುಮ್ಮನಾಗುವ ತನಕ ಪಿಟೀಲು ಎತ್ತಲಿಲ್ಲ. ಮೂರು ಭಾಗ ಶಿಸ್ತಾಗಿ ಮುಗಿದವು. ನಾಲ್ಕನೆಯದು ಬಂತು. ರೈತ ಬಿಗುಮಾನದಿಂದ ಸಂತೆಗೆ ಹೊರಟ. ಸಭೆ ಮುಂದಕ್ಕೆ ಬಾಗಿ ಕುಳಿತಿತ್ತು, ಪ್ರತಿಯೊಬ್ಬರೂ ಬಾತನ್ನು ಹುಡುಕುತ್ತಿದ್ದರು. ಅಂಕಲ್ ಬ್ರಾಟ್ಶೆ ಎತ್ತಿ, ಅದೇ ರಾಗ ಹಿಡಿದು, ಎರಡು ಸ್ವರ ಎಳೆದು ಜಾರಿಸಿದರು.

ಮೂರನೇ ಸಾಲಿನ ಅಜ್ಜಿಯ ನಗು ಮೊದಲು ಕೇಳಿತು. ಆಮೇಲೆ ಇಡೀ ಭವನ. ಚೆಲ್ಲೋದ ಹೆಂಡತಿ ರೈತನಿಗೆ ಕೊಟ್ಟ ಉತ್ತರವನ್ನೇ ಬಾತಿಗೂ ಕೊಟ್ಟಾಗ, ಹಾಡು ಗೊತ್ತಿಲ್ಲದ, ಹಿಂದೆ ಹೇಳಿದ್ದ ಕತೆ ಮರೆತಿದ್ದ ಜನ ಎಲ್ಲವನ್ನೂ ಅರ್ಥ ಮಾಡಿಕೊಂಡು ಮತ್ತೆ ನಕ್ಕರು. ಒಬ್ಬಾಕೆ ಗಂಡನ ಕಡೆ ಬೆರಳು ತೋರಿಸಿದಳು.

ಇಷ್ಟು ವರ್ಷ ಕಾದವರು ಆ ಕ್ಷಣಕ್ಕೆ ಸಿದ್ಧರಿರಲಿಲ್ಲ. ಅಂಕಲ್ ಸಭೆಯನ್ನು ನೋಡಿದರು, ತುಟಿ ಕಚ್ಚಿಕೊಂಡರು, ಭುಜ ಕುಲುಕಲು ಶುರುವಾಯಿತು. ಬಿಲ್ಲು ತಂತಿಯ ಮೇಲೆ ಕುಣಿಯಿತು, ಜಾರಿತು, ನಿಂತಿತು. ಅವರು ಬ್ರಾಟ್ಶೆಯನ್ನು ತೊಡೆಗೆ ಇಳಿಸಿ, ಕಣ್ಣಲ್ಲಿ ನೀರು ಸುರಿಸುತ್ತ ನಗುತ್ತಿದ್ದರು. ಕೊನೆಯ ಕೂಗು ಬಾಕಿ ಇತ್ತು. ಔಷಧಿ ಅಂಗಡಿಯ ಒಡತಿ ಗಾಬರಿಯಿಂದ ಅವರನ್ನೇ ನೋಡಿದರು. ಚೆಲ್ಲೋ ನಿಧಾನವಾಯಿತು. ಬಾತು ಬರಬೇಕಾದ ಜಾಗ ಬಂತು. ಬಾತು ಬರಲಿಲ್ಲ.

ಆಗ ನ್ಯಾಯಾಧೀಶರು, ಹುಬ್ಬು ಕೂಡ ಅಲುಗಿಸದೆ, ಮೊದಲ ಪಿಟೀಲಿನಲ್ಲಿ ಎರಡು ಸ್ವರ ಎಳೆದು ಜಾರಿಸಿದರು. ಬ್ರಾಟ್ಶೆಗಿಂತ ಬಹಳ ಮೇಲಿನ ಸ್ಥಾಯಿಯಲ್ಲಿ. ಕತ್ತು ಹಿಡಿದ ಬಾತಿನ ಹಾಗೆಯೇ ಇತ್ತು. ಸಭೆ ಎದ್ದು ನಿಂತಿತು.

ಒಳಕೋಣೆಯಲ್ಲಿ ಅಂಕಲ್ ಮುಖ ತೊಳೆದುಕೊಂಡು ಬಂದು ಅವರ ಮುಂದೆ ನಿಂತರು. ಸೋತವರ ಹಾಗೆ ಕೇಳಿದರು: ತಿದ್ದುಪಡಿ ಸರಿಯಾಗಿ ಆಗಲಿಲ್ಲ, ಆದ್ದರಿಂದ ನಗು ಲೆಕ್ಕಕ್ಕಿಲ್ಲ, ಕೃತಿ ಕಪಾಟಿಗೆ, ಅಲ್ಲವೇ?

ನ್ಯಾಯಾಧೀಶರು ಬಿಲ್ಲಿನ ತಿರುಪು ಸಡಿಲಿಸುತ್ತ ಹೇಳಿದರು: "ನಾನು ತೀರ್ಪು ಕೊಡುವಂತಿಲ್ಲ, ಹೆರ್ ಕೊಲೇಗ. ವಿಚಾರಣೆಯ ನಡುವೆ ನಾನೇ ಬಾತಾಗಿ ಕೂಗಿದ್ದೇನೆ. ಈಗ ನಾನೂ ಒಬ್ಬ ಪಕ್ಷಗಾರ. ಮುಂದಿನ ವರ್ಷ ಹೊಸದಾಗಿ ವಿಚಾರಣೆ ಆಗಬೇಕು." ಆಮೇಲೆ ನನ್ನ ಕಡೆ ತಿರುಗಿದರು: "ನಮ್ಮಜ್ಜಿಯೂ ಹೆಸ್ಸೆಯವಳೇ. ಅವಳ ಬಾಯಲ್ಲೂ ಎರಡೂ ಒಂದೇ ಆಗಿತ್ತು. ಈ ಕ್ವಾರ್ಟೆಟ್ ಬರೆದವನ ಬಾಯಲ್ಲಿ ಹೇಗಿತ್ತೋ, ಯಾರಿಗೆ ಗೊತ್ತು."

ಮರುವರ್ಷ ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ಹೊಸದಾಗಿ ಬ್ರಾಟ್ಶೆಗೆ ಬಂದ ಹೆಂಗಸು ಚೆನ್ನಾಗಿಯೇ ಕೂಗಿದಳು. ಅಂಕಲ್ ಸಭೆಯಲ್ಲಿ ಕುಳಿತು ನಕ್ಕರು, ಇಡೀ ಸಭೆಯೂ ನಕ್ಕಿತು. ಸಾಕ್ಷಿಗಳು ಪಕ್ಷಪಾತಿಗಳಾಗಿ ಕಂಡರು ಎಂದು ಹೇಳಿ ನ್ಯಾಯಾಧೀಶರು ಮುಂದೂಡಿದರು. ಅದರ ಮರುವರ್ಷವೂ ಮುಂದೂಡಿದರು. ಮಾರ್ಚ್‌ನಲ್ಲಿ ಅಂಕಲ್ ತೀರಿಕೊಂಡರು.

ಈ ಮೇ ತಿಂಗಳಲ್ಲೂ ಬಾತು ಕೂಗಿತು, ಭವನ ತುಂಬ ನಗು. ಮುಗಿದ ಮೇಲೆ ನ್ಯಾಯಾಧೀಶರು ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ಕೆಳಗಿಳಿದು ನೇರವಾಗಿ ಆಂಟಿಯ ಬಳಿಗೆ ಬಂದರು. ತಲೆಬಾಗಿ, ಬಹಳ ಗಂಭೀರವಾಗಿ, ಸಾಕ್ಷ್ಯ ಇನ್ನೂ ಸಾಲದು, ಮುಂದಿನ ವರ್ಷಕ್ಕೆ ಎಂದರು.

ಆಂಟಿ ಅವರಿಗೆ ಜರ್ಮನ್ನಿನಲ್ಲಿ ಧನ್ಯವಾದ ಹೇಳಿದರು. ಅವರು ದೂರ ಹೋದ ಮೇಲೆ ನನ್ನ ಕೈ ಹಿಡಿದು ಹೇಳಿದರು: "ಇದು ನಮ್ಮ ಊರಿನ ಜಾಗದ ಕೇಸಿನ ಹಾಗೆ ಆಯ್ತಲ್ಲ ಮಾರಾಯ್ತಿ. ಸತ್ರೂ ಮುಗೀಲಿಕ್ಕಿಲ್ಲ."